ಹಸಿರು ಗೌನಿನ ಬೆನ್ನು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾದ ಮರುವರ್ಷ ನಾನು ಬಹ್ರೇನಿಗೆ ಹೋದೆ. ನನ್ನವರು ಹಿದ್‌ನ ಹಡಗು ರಿಪೇರಿ ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದರು. ಗುಫೂಲ್‌ನಲ್ಲಿ ಎರಡು ಕೋಣೆಯ ಮನೆ. ಅವರು ಬೆಳಿಗ್ಗೆ ಕಂಪೆನಿ ಬಸ್ಸು ಹತ್ತಿದ ಮೇಲೆ ಸಂಜೆಯವರೆಗೆ ನಾನು ಮತ್ತು ನನ್ನ ಹೊಲಿಗೆ ಮಿಷನ್ನು, ಇಬ್ಬರೇ. ಉಡುಪಿಯಲ್ಲಿ ಆರು ತಿಂಗಳು ಟೈಲರಿಂಗ್ ಕ್ಲಾಸಿಗೆ ಹೋಗಿದ್ದೆ. ಬಿಲ್ಡಿಂಗಿನ ಹೆಂಗಸರ ರವಿಕೆ, ಮಕ್ಕಳ ಯೂನಿಫಾರಂ, ಸೀರೆಗೆ ಫಾಲ್ ಹಚ್ಚುವುದು, ನನ್ನ ವಿದ್ಯೆ ಅಷ್ಟರಲ್ಲಿ ಮುಗಿಯುತ್ತಿತ್ತು.

ಎದುರುಮನೆಯಲ್ಲಿ ಸುರತ್ಕಲ್ ಕಡೆಯ ಬ್ಯಾರಿ ಕುಟುಂಬವಿತ್ತು. ಆ ಮನೆಯಾಕೆಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಗಂಡ ಬುಸೈತೀನ್‌ನ ವಿಲ್ಲಾವೊಂದರಲ್ಲಿ ಇಂಗ್ಲಿಷ್ ದಂಪತಿಗಳಿಗೆ ಡ್ರೈವರ್. ಒಂದು ದಿನ ಅಕ್ಕ ಬಾಗಿಲಲ್ಲೇ ನಿಂತು ಕೇಳಿದರು.

“ನಿಂಗೆ ಗೌನ್ ಹೊಲಿಲಿಕ್ಕೆ ಬರ್ತದಾ?”

“ಗೌನಾ? ನಾನಾ?”

“ಮೇಡಮಿಗೆ ಬೇಕಂತೆ. ನಮ್ಮ ಎದುರಿನ ಮನೆಯವಳು ಏನು ಕೊಟ್ರೂ ಹೊಲಿತಾಳೆ ಅಂತ ಇವ್ರು ಹೇಳಿ ಬಂದಿದ್ದಾರೆ ಮಾರಾಯ್ತಿ. ಇನ್ನು ನೀನು ಇಲ್ಲ ಅಂದ್ರೆ ಇವರ ಮರ್ಯಾದೆ ಎಂತ ಆಗ್ಬೇಕು?”

ವಿಷಯ ಹೀಗಿತ್ತು. ಲಂಡನ್ನಿನಲ್ಲಿ ಪ್ರತಿವರ್ಷ ಟೀವಿಯಲ್ಲಿ ಕೆಲಸ ಮಾಡುವವರಿಗೆ ಪ್ರಶಸ್ತಿ ಕೊಡುವ ದೊಡ್ಡ ಸಮಾರಂಭ ನಡೆಯುತ್ತದೆ. ಮೇಡಮಿನ ತಂಗಿ ಅದನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕ್ಯಾಸೆಟ್ಟನ್ನು ಅಂಚೆಯಲ್ಲಿ ಕಳಿಸಿದ್ದಳು. ಊರಿನ ಟೀವಿಯನ್ನು ಕಾಣದೆ ಹಂಬಲಿಸುತ್ತಿದ್ದ ಇಲ್ಲಿನ ಇಂಗ್ಲಿಷರೆಲ್ಲ ಒಂದು ಶುಕ್ರವಾರ ತಮ್ಮ ಕ್ಲಬ್ಬಿನಲ್ಲಿ ಸೇರಿ ಅದನ್ನು ನೋಡುವುದೆಂದೂ, ಆ ಸಮಾರಂಭಕ್ಕೇ ಹೋದವರಂತೆ ಉಡುಪು ತೊಟ್ಟು ಬರಬೇಕೆಂದೂ ಮಾತಾಗಿತ್ತು. ಅದರಲ್ಲಿ ಪ್ರಶಸ್ತಿ ಪಡೆದ ನಟಿಯೊಬ್ಬಳು ತೊಟ್ಟ ಹಸಿರು ಗೌನು ಮೇಡಮಿನ ಕಣ್ಣಿಗೆ ಬಿದ್ದಿತ್ತು. ಫೋಟೋ ಇರಲಿಲ್ಲ. ಕ್ಯಾಸೆಟ್ ನೋಡಿಯೇ ಹೊಲಿಯಬೇಕು.

ಮರುದಿನ ಅಕ್ಕನ ಗಂಡ ಓಡಿಸುವ ಕಾರಿನಲ್ಲಿ ಅಕ್ಕನನ್ನೂ ಕರೆದುಕೊಂಡು ಹೋದೆ. ಮೇಡಂ ಐವತ್ತು ದಾಟಿದ, ಎತ್ತರದ, ನಗುಮುಖದ ಹೆಂಗಸು. ನಾನು ಟೇಪು, ಪುಸ್ತಕ, ಪೆನ್ಸಿಲ್ ಹಿಡಿದು ಟೀವಿಯ ಎದುರು ಕಾರ್ಪೆಟ್ಟಿನ ಮೇಲೇ ಕುಳಿತೆ. ದೊಡ್ಡ ಸಭಾಂಗಣ, ದುಂಡು ಮೇಜುಗಳು, ಕಪ್ಪು ಕೋಟಿನ ಗಂಡಸರು. ಯಾರೋ ಲಕೋಟೆ ಒಡೆದು ಹೆಸರು ಓದುತ್ತಾರೆ, ಒಬ್ಬರು ಎದ್ದು ಅಕ್ಕಪಕ್ಕದವರನ್ನು ತಬ್ಬಿಕೊಂಡು ವೇದಿಕೆಗೆ ನಡೆಯುತ್ತಾರೆ. ನಟರಿಗೆ ಮಾತ್ರವಲ್ಲ, ನಾಟಕಕ್ಕೆ ಉಡುಪು ತಯಾರಿಸಿದ ಹೆಂಗಸಿಗೂ ಒಂದು ಪ್ರಶಸ್ತಿ ಕೊಟ್ಟರು. ಸಾಧಾರಣ ಲಂಗ ತೊಟ್ಟ, ಕೂದಲು ನೆರೆತ ಹೆಂಗಸು. ಹೊಲಿಗೆಯವರಿಗೂ ಅಷ್ಟು ಜನ ಚಪ್ಪಾಳೆ ತಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಳತೆಯ ಪುಸ್ತಕ ಮರೆತು ನೋಡುತ್ತ ಕುಳಿತೆ.

ಆಮೇಲೆ ಹಸಿರು ಗೌನು ಬಂತು. ಮುಂಭಾಗವನ್ನು ಬರೆದುಕೊಳ್ಳುವುದು ಸುಲಭವಾಯಿತು. ಆದರೆ ಬೆನ್ನು ಕಾಣುವುದು ಅವಳು ಮೆಟ್ಟಿಲು ಹತ್ತುವ ಎರಡು ಕ್ಷಣ ಮಾತ್ರ. ಮೇಡಂ ನಿಲ್ಲಿಸಿದರೆ ಚಿತ್ರ ಗಡಗಡ ನಡುಗುತ್ತಿತ್ತು. ಹಿಂದಕ್ಕೆ ತಿರುಗಿಸಿದೆವು, ಮತ್ತೆ ನೋಡಿದೆವು, ಮತ್ತೆ ತಿರುಗಿಸಿದೆವು. ಹತ್ತನೇ ಸಲವೋ ಏನೋ, ಕ್ಯಾಸೆಟ್ ಓಡಿಸುವ ಮಿಷನ್ನು ಕರಕರ ಎಂದು ನಿಂತೇಬಿಟ್ಟಿತು. ಮೇಡಂ ಕ್ಯಾಸೆಟ್ ಎಳೆದರೆ ಅದರ ಹಿಂದೆ ಮುದುಡಿದ ಕಂದು ಟೇಪು ಮಾರುದ್ದ ಹೊರಬಂತು.

ನನಗೆ ಅಳುವೇ ಬಂತು. “ಸಾರಿ ಮೇಡಂ, ಸಾರಿ,” ಎಂದೆ. ಬೇರೆ ಇಂಗ್ಲಿಷ್ ನೆನಪಿಗೇ ಬರಲಿಲ್ಲ.

ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. “ಬಟನ್ ಒತ್ತಿದವಳು ನಾನು. ನೀನ್ಯಾಕೆ ಅಳುತ್ತಿ?” ಎಂದು ಮೆಲ್ಲಗೆ ಕೇಳಿದರು. ಸಂಜೆ ಅವರ ಯಜಮಾನರು ಹಾಳಾದ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಅಂಟಿಸಿ ಜೋಡಿಸಿದರಂತೆ. ಅಲ್ಲಿಗೆ ಆ ಗೌನಿನ ಬೆನ್ನು ಶಾಶ್ವತವಾಗಿ ಹೋಯಿತು.

ಮನೆಗೆ ಬಂದು ನನ್ನವರಿಗೆ ಹೇಳಿದೆ. “ಹಿಂದೆ ಹೇಗುಂಟು ಅಂತ್ಲೇ ಕಾಣ್ಲಿಲ್ಲ. ನಾನು ಹೇಗೆ ಹೊಲಿಯುದು?”

ಅವರು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. “ಎಷ್ಟೋ ಹಳೇ ಹಡಗಿನ ಬಿಡಿಭಾಗಕ್ಕೆ ಡ್ರಾಯಿಂಗೇ ಇರುದಿಲ್ಲ. ಅದು ಕೂರುವ ಜಾಗ ನೋಡಿ ನಾವೇ ಮಾಡ್ತೇವೆ. ನೀನೂ ಆ ಮೇಡಮಿನ ಬೆನ್ನು ನೋಡಿ ಮಾಡು.”

ಹಾಗೇ ಮಾಡಿದೆ. ಮನಾಮದ ಸೂಕ್ ಪೇಟೆಯಿಂದ ಮೇಡಂ ತಂದ ಹಸಿರು ಸ್ಯಾಟಿನ್ನು ಕೈಯಲ್ಲಿ ನಿಲ್ಲದೆ ಜಾರುತ್ತಿತ್ತು. ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಇಡೀ ಗೌನು ಹೊಲಿದು ನೋಡಿದೆ. ಬೆನ್ನಿಗೆ ಎರಡೂ ಹೆಗಲಿನಿಂದ ಸೆರಗಿನಂತೆ ಬಟ್ಟೆಯನ್ನು ಇಳಿಬಿಟ್ಟು, ನಡುವೆ ಸಾಲಾಗಿ ಪುಟ್ಟ ಬಟ್ಟೆಗುಂಡಿಗಳನ್ನು ಇಟ್ಟೆ. ಒಂದೊಂದು ಗುಂಡಿಗೂ ಅದೇ ಸ್ಯಾಟಿನ್ ಸುತ್ತಿ ಕೈಯಿಂದಲೇ ಹೊಲಿದೆ. ತೊಟ್ಟು ನೋಡುವ ದಿನ ಮೇಡಂ ಎರಡು ಕನ್ನಡಿಗಳ ನಡುವೆ ತುಂಬ ಹೊತ್ತು ನಿಂತು, ನನ್ನ ಕೆನ್ನೆ ತಟ್ಟಿದರು.

ಶುಕ್ರವಾರ ಮಧ್ಯಾಹ್ನದ ಬಿಸಿಲಿನಲ್ಲಿ, ನೆಲ ಗುಡಿಸುವ ಗೌನುಗಳೂ ಕಪ್ಪು ಕೋಟುಗಳೂ ಬೆವರುತ್ತ ಕ್ಲಬ್ಬಿನೊಳಗೆ ಹೋದವು. ಎಲ್ಲಾದರೂ ಹೊಲಿಗೆ ಬಿಚ್ಚಿಕೊಂಡರೆ ಬೇಕಾಗುತ್ತದೆಂದು ಮೇಡಂ ನನ್ನನ್ನೂ ಕರೆಸಿದ್ದರು. ಸೂಜಿದಾರದ ಡಬ್ಬಿ ಹಿಡಿದು ಅಕ್ಕನ ಜೊತೆ ಹಿಂದಿನ ಸಾಲಿನಲ್ಲಿ ಕುಳಿತೆ. ಪರದೆ ಎಳೆದು ಟೀವಿ ಹಾಕಿದರು. ಲಂಡನ್ನಿನವರು ತಟ್ಟಿದಾಗ ಇವರೂ ಚಪ್ಪಾಳೆ ತಟ್ಟಿದರು.

ನಟಿಯ ಹೆಸರು ಓದಿದರು. ಅವಳು ಎದ್ದಳು, ಹೆಜ್ಜೆ ಇಟ್ಟಳು. ಚಿತ್ರ ಒಮ್ಮೆ ಹಾರಿತು. ನೋಡಿದರೆ ಅವಳು ಆಗಲೇ ತನ್ನ ಕುರ್ಚಿಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಾಳೆ! ಜನ ಗೊಳ್ಳೆಂದು ನಕ್ಕರು. “ಭಾಷಣ ಎಲ್ಲಿ?” ಎಂದು ಯಾರೋ ಕೂಗಿದರು. ನಾನು ತಲೆ ತಗ್ಗಿಸಿದೆ.

ಆಗ ಮೇಡಂ ಎದ್ದರು. ಟೀವಿ ನಿಲ್ಲಿಸಿ, ಮೇಜಿನ ಮೇಲಿದ್ದ ಅರಬ್ಬರ ಹಿತ್ತಾಳೆಯ ಕಾಫಿ ಹೂಜಿಯನ್ನು ಪ್ರಶಸ್ತಿಯ ಹಾಗೆ ಎತ್ತಿ ಹಿಡಿದರು. ತಾಯಿಗೆ, ತಂಗಿಗೆ, ಅಂಚೆ ಇಲಾಖೆಗೆ ವಂದನೆ ಹೇಳಿದರು. ಆಮೇಲೆ ಮೆಲ್ಲನೆ ತಿರುಗಿ ಎಲ್ಲರಿಗೂ ಬೆನ್ನು ತೋರಿಸಿದರು.

“ಲಂಡನ್ನಿನ ಗೌನಿನ ಬೆನ್ನು ಹೇಗಿತ್ತೆಂದು ನಮಗೆ ಇನ್ನು ತಿಳಿಯುವಂತಿಲ್ಲ. ಇದನ್ನು ನೋಡಿ. ಇದನ್ನು ತಾನೇ ಯೋಚಿಸಿ ಹೊಲಿದವಳು ಅಲ್ಲಿ ಹಿಂದೆ ಕುಳಿತಿದ್ದಾಳೆ.”

ಅಕ್ಕ ನನ್ನನ್ನು ತಿವಿದರು. “ಏಳು, ಏಳು! ನಿನ್ನನ್ನೇ ಹೇಳುದು!”

ಅಷ್ಟು ಜನರ ನಡುವೆ ನಾನು ಹೇಗೆ ನಡೆದೆನೋ ತಿಳಿಯದು. ಮೇಡಂ ಹೂಜಿಯನ್ನು ನನ್ನ ಕೈಗೆ ಕೊಟ್ಟರು. ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಸಂಜೆ ಎಲ್ಲವನ್ನೂ ಕೇಳಿಸಿಕೊಂಡ ನನ್ನವರು, “ನೀನೆಂತ ಭಾಷಣ ಮಾಡಿದಿ?” ಎಂದರು.

“ಥ್ಯಾಂಕ್ಯೂ ಅಂದೆ.”

“ಅಷ್ಟೇಯಾ?”

“ಹೂಜಿಯ ತುಂಬ ಬಿಸಿ ಕಾಫಿ ಇತ್ತು. ಕೈ ಸುಡ್ತಿತ್ತು. ಮತ್ತೆಂತ ಹೇಳುದು?”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರದಿಂದ ನಮ್ಮ ಮೆಟ್ಟಿಲು ಹತ್ತಿ ಇಂಗ್ಲಿಷ್ ಹೆಂಗಸರು ಬರತೊಡಗಿದರು. ಅವರು ಬಂದಾಗಲೆಲ್ಲ ಅಕ್ಕ ಹಾಲಿಲ್ಲದ ಸುಲೈಮಾನಿ ಚಹಾ ಕಳಿಸುತ್ತಿದ್ದರು. ನಾನು ಬಾಗಿಲು ತೆರೆದಿಟ್ಟು, ಒಬ್ಬೊಬ್ಬರನ್ನೇ ನಿಲ್ಲಿಸಿ ಅಳತೆ ತೆಗೆದುಕೊಳ್ಳುತ್ತಿದ್ದೆ.