ನನ್ನನ್ನು ದಾಟಿಹೋದ ತಟ್ಟೆ

ರೊಟ್ಟಿಯ ತಟ್ಟೆ ನನ್ನ ಮುಂದೆ ನಿಲ್ಲಲೇ ಇಲ್ಲ. ಸಭೆಯ ಹಿರಿಯರೊಬ್ಬರು ನನ್ನ ಚಾಚಿದ ಕೈಯನ್ನು ದಾಟಿ, ಪಕ್ಕದಲ್ಲಿ ಕೂತಿದ್ದ ನಮ್ಮತ್ತೆಯ ಮುಂದೆ ಅದನ್ನು ಹಿಡಿದರು.

ಪಾಂಡವಪುರದ ಹತ್ತಿರದ ನಮ್ಮ ಪುಟ್ಟ ಚರ್ಚಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ನೆಂಟರು. ಆ ಹಿರಿಯರು ಅತ್ತೆಯ ಸ್ವಂತ ತಮ್ಮ. ಬೇರೆ ಜಾತಿಯಿಂದ ಬಂದವಳು ನಾನೊಬ್ಬಳೇ. ದೀಕ್ಷಾಸ್ನಾನವಾದ ಮೇಲೆ, ಯೇಸುವಿನ ನೆನಪಿಗೆ ಎಲ್ಲರೂ ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವ ಪ್ರಭುಭೋಜನಕ್ಕೆ ಅವತ್ತೇ ಮೊದಲು ಕೂತಿದ್ದೆ. ಮಗ ನನ್ನನ್ನು ಮದುವೆಯಾದದ್ದಕ್ಕೆ ಅತ್ತೆಗೂ ಸಿಟ್ಟಿತ್ತು. ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಕೈ ಹಿಂದಕ್ಕೆಳೆದುಕೊಂಡೆ.

“ನಂಗೂ ಬ್ಯಾಡ, ತಕ್ಕೊಂಡೋಗು,” ಅಂದರು ಅತ್ತೆ.

ಹಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. “ಅಕ್ಕಾ, ಸುಮ್ಕಿರು,” ಎಂದು ತಮ್ಮ ಪಿಸುಗುಟ್ಟಿದರು. ಅತ್ತೆ ಎದ್ದೇ ನಿಂತರು.

“ಅವ್ಳ ಮ್ಯಾಲಿನ ಸಿಟ್ಟು ನಮ್ಮನೇದು ಕಣ್ಲಾ. ಈ ರೊಟ್ಟಿ ನಿಂದೂ ಅಲ್ಲ, ನಂದೂ ಅಲ್ಲ, ಸ್ವಾಮೀದು. ಮೊದ್ಲು ಅವ್ಳಿಗೆ ಕೊಡು.”

ತಮ್ಮ ಕದಲಲಿಲ್ಲ. ಕೊನೆಗೆ ಪಾಸ್ಟರೇ ಬಂದು, ಅವರ ಕೈಯಿಂದ ತಟ್ಟೆ ತೆಗೆದುಕೊಂಡು ನನ್ನ ಮುಂದೆ ಹಿಡಿದರು. ಒಂದು ತುಂಡು ತೆಗೆದುಕೊಂಡೆ. ನಾನು ಬಾಯಿಗಿಟ್ಟ ಮೇಲಷ್ಟೇ ಅತ್ತೆ ಕೈಚಾಚಿದರು.

ಮನೆಗೆ ಬಂದ ಮೇಲೆ ಅವರು ಮತ್ತೆ ಅದೇ ಬಿಗಿದ ಮುಖದಲ್ಲಿ ಓಡಾಡಿದರು. ನನಗೇನೂ ಬೇಜಾರಾಗಲಿಲ್ಲ. ನನ್ನನ್ನು ಇನ್ನೂ ಒಪ್ಪದ ಹೆಂಗಸು ನನಗಾಗಿ ಒಡಹುಟ್ಟಿದವನನ್ನೇ ಎದುರುಹಾಕಿಕೊಂಡರಲ್ಲ, ಆ ಬೆರಗಿನಿಂದ ನಾನಿನ್ನೂ ಹೊರಬಂದಿಲ್ಲ.