ತೊಟ್ಟಿಲ ಕೊಂಡಿ

ಅವರ ಯಾವ ಕೈಯ ಹೆಬ್ಬೆರಳಿಗೆ ಉಗುರಿರಲಿಲ್ಲ ಎಂಬುದು ಈಗ ನನಗೆ ಖಚಿತವಿಲ್ಲ. ಎಡಗೈ ಎಂದು ಬಹಳ ವರ್ಷ ನಂಬಿದ್ದೆ. ಆದರೆ ಆ ಬೋಳು ಬೆರಳು ಸಿಪ್ಪೆ ಸುಲಿದ ಶೇಂಗಾಬೀಜದಂತೆ ಹೊಳೆಯುತ್ತ ಸೀಮೆಸುಣ್ಣವನ್ನು ಒತ್ತಿ ಹಿಡಿದಿರುವುದೇ ನನ್ನ ಕಣ್ಣಿಗೆ ಕಟ್ಟಿರುವ ಚಿತ್ರ, ಮತ್ತು ಅವರು ಬರೆಯುತ್ತಿದ್ದದ್ದು ಬಲಗೈಯಲ್ಲಿ. ಒಂದು ಬೆರಳನ್ನು ಸರಿಯಾಗಿ ನೆನಪಿಟ್ಟುಕೊಳ್ಳಲಾಗದವನು ಒಬ್ಬ ಮನುಷ್ಯನ ಬಗ್ಗೆ ಬರೆಯಲು ಕೂತಿದ್ದೇನೆ. ಓದುವವರು ಹುಷಾರಾಗಿರಬೇಕು.

ಶಲವಡಿಯಿಂದ ನಾಲ್ಕು ಮೈಲು ದೂರದ ಒಂದು ಊರು. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿದ್ದ ನಾನು ಎಲ್ಲಿಯೂ ಕೆಲಸ ಸಿಗದೆ ಅಲ್ಲಿನ ಶಾಲೆಗೆ ಹಂಗಾಮಿ ಮಾಸ್ತರನಾಗಿ ಹೋಗಿದ್ದೆ. ಅವರು ಅಲ್ಲಿ ಮೊದಲೇ ಇದ್ದರು. ಊರವರು ಅವರನ್ನು ‘ಪಾದ್ರಿ ಮಾಸ್ತರು’ ಎನ್ನುತ್ತಿದ್ದರು. ಅವರು ಪಾದ್ರಿಯಾಗಿರಲಿಲ್ಲ, ಆಗುವಷ್ಟು ಬುದ್ಧಿವಂತರೂ ಆಗಿರಲಿಲ್ಲ. ತಿಂಗಳಿಗೊಮ್ಮೆ ಗಂಡಹೆಂಡತಿ ಹುಬ್ಬಳ್ಳಿಯ ಚರ್ಚಿಗೆ ಹೋಗಿ ಬರುತ್ತಿದ್ದರು, ಅಷ್ಟೆ. ಊರಿಗೆಲ್ಲ ಅದೊಂದೇ ಕ್ರೈಸ್ತರ ಮನೆ.

ನನ್ನ ಊಟ ಅವರ ಮನೆಯಲ್ಲಿತ್ತು. ಅವರ ದೇವರನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿದ್ದು ಹಾಗೆ. ರೊಟ್ಟಿ ತಟ್ಟೆಗೆ ಬಿದ್ದ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ಜೋಳ ಬಿತ್ತಿದವನಿಗೆ, ಬೀಸಿದವಳಿಗೆ, ಸುಟ್ಟವಳಿಗೆ, ಎದುರು ಹಸಿದು ಕೂತ ನನಗೆ, ಎಲ್ಲರಿಗೂ ಒಳ್ಳೆಯದನ್ನು ಬೇಡಿ ಅವರು ಕಣ್ಣು ತೆರೆಯುವ ಹೊತ್ತಿಗೆ ರೊಟ್ಟಿ ಚಪ್ಪಲಿಯ ಅಟ್ಟೆಯಂತೆ ಬಿರುಸಾಗಿರುತ್ತಿತ್ತು. ಹಾಜರಿ ಕರೆಯುವ ಮೊದಲು ಪ್ರಾರ್ಥನೆ. ಬಸ್ಸು ಏರುವ ಮೊದಲು ಪ್ರಾರ್ಥನೆ. ಒಮ್ಮೆ ಕೊಡೆ ಮರೆತು ಬಂದು ತೊಯ್ದು ತೊಪ್ಪೆಯಾದಾಗಲೂ ಮಳೆಗೆ ವಂದನೆ ಹೇಳಿದರು. ಮೆದುಳಿಗೆ ವಿಶ್ರಾಂತಿ ಬೇಕಾದವರು ದೇವರನ್ನು ಕಟ್ಟಿಕೊಳ್ಳುತ್ತಾರೆ ಎಂದು ಆಗ ನಾನು ಹೇಳುತ್ತಿದ್ದೆ. ಈಗಲೂ ಆ ಮಾತನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡಿಲ್ಲ.

ಅವರು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಕೆಲವರಿಗೆ ಹಾಲು ಜೀರ್ಣವಾಗುವುದಿಲ್ಲ, ಇವರಿಗೆ ಸುಳ್ಳು ಜೀರ್ಣವಾಗುತ್ತಿರಲಿಲ್ಲ. ಸಾಹೇಬರು ಶಾಲೆಯ ತಪಾಸಣೆಗೆ ಬಂದ ದಿನ ಹೆಡ್ ಮಾಸ್ತರರು ಎಲ್ಲ ಮಕ್ಕಳಿಗೂ ಹಾಜರಿ ಹಾಕಿಸಿದ್ದರು. ಅರ್ಧ ಖಾಲಿ ಕೋಣೆಯನ್ನು ನೋಡಿ ಸಾಹೇಬರು, “ಉಳಿದ ಮಕ್ಕಳೆಲ್ಲಿ?” ಎಂದರು. ಹೆಡ್ ಮಾಸ್ತರರು, “ನೀರು ಕುಡಿಯಾಕ ಹೋಗ್ಯಾರ್ರಿ” ಎಂದರು. ನಮ್ಮ ಪಾದ್ರಿ ಮಾಸ್ತರು ಎದ್ದು ನಿಂತು, “ಇಲ್ರಿ ಸಾಹೇಬ್ರ, ಹತ್ತಿ ಬಿಡಿಸಾಕ ಹೋಗ್ಯಾರ್ರಿ. ನಾಲ್ಕ ದಿನಾತು” ಎಂದರು.

ಸಾಹೇಬರ ಜೀಪು ಹೋದಮೇಲೆ ಹೆಡ್ ಮಾಸ್ತರರು ತಲೆ ಚಚ್ಚಿಕೊಂಡರು. “ಏನ್ರಿ ಮಾಸ್ತರ, ನಿಮ್ಮ ನಾಲಿಗಿಗೆ ಬಾಗಲಾ ಇಲ್ಲೇನ್ರಿ?”

“ಐತ್ರಿ ಸರ. ಅಗಳಿ ಇಲ್ಲ” ಎಂದು ನಕ್ಕರು ಇವರು. ತಪಾಸಣೆಯ ವರದಿಯಲ್ಲಿ ಶಾಲೆಗೆ ಕೆಟ್ಟ ಶೇರಾ ಬಿತ್ತು.

ಮದುವೆಯಾಗಿ ಬಹಳ ವರ್ಷವಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ. ಬಾಡಿಗೆ ಮನೆಯ ನಡುಮನೆಯ ತೊಲೆಗೆ ಒಂದು ಕಬ್ಬಿಣದ ಕೊಂಡಿ ಇತ್ತು, ಹಿಂದೆ ಇದ್ದವರು ತೊಟ್ಟಿಲು ತೂಗಲು ಹಾಕಿಸಿದ್ದು. ನಾನು ಮೊದಲ ದಿನವೇ ಅದಕ್ಕೆ ನನ್ನ ಚೀಲ ತೂಗುಹಾಕಿದೆ. ಅವರು ಎದ್ದು ಬಂದು ಮೆಲ್ಲಗೆ ಚೀಲ ಇಳಿಸಿ ಗೂಟಕ್ಕೆ ಹಾಕಿದರು. “ಅದು ಖಾಲಿ ಇರ್ಲಿರಿ, ಸಣ್ಣ ಮಾಸ್ತರ. ಅದು ಬ್ಯಾರೇದಕ್ಕ ಐತಿ.” ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಆ ಕೊಂಡಿಯ ಕೆಳಗೆ ಮಂಡಿಯೂರಿ ಮಗುವನ್ನು ಬೇಡುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ, ಇಷ್ಟು ವರ್ಷ ಉತ್ತರ ಕೊಡದ ಅಧಿಕಾರಿಗೆ ಯಾವ ರೈತನೂ ಮತ್ತೆ ಅರ್ಜಿ ಹಾಕುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕೋರ ಎನ್ನುತ್ತಿದ್ದೆವು. ನಲವತ್ತರ ಹತ್ತಿರದ ವಯಸ್ಸು. ಮಿಶನ್ನಿನ ಬೋರ್ಡಿಂಗಿನಲ್ಲಿ ಓದಿದವರು. ಬಾಜೂ ಮನೆಯ ಗೌಡತಿ ಆಗಾಗ ಬಂದು ಒತ್ತಾಯಿಸುತ್ತಿದ್ದಳು. “ಏ ಅಕ್ಕೋರ, ಒಮ್ಮಿ ಯಮನೂರ ದರ್ಗಾಕ್ಕ ಬಂದು ಹೋಗ್ರಿ. ಅಲ್ಲಿ ಜಾತಿ ಗೀತಿ ಏನೂ ಕೇಳಂಗಿಲ್ಲ. ನನ್ನ ಸೊಸಿಗೆ ಹುಟ್ಟಿದ್ದು ಅಲ್ಲಿ ಹರಕಿ ಹೊತ್ತ ಮ್ಯಾಲೇ.”

ಅಕ್ಕೋರು ರೊಟ್ಟಿ ಬಡಿಯುತ್ತಲೇ, “ಒಬ್ಬನ್ನ ಕೇಳೇವ್ರೀ ಗೌಡಶಾನಿ. ಇನ್ನೊಬ್ಬರನ್ನೂ ಕೇಳಿದ್ರ ಅಂವಗ ಬ್ಯಾಸರ ಆಕ್ಕೈತಿ” ಎನ್ನುತ್ತಿದ್ದರು. ಗಂಡನಷ್ಟೇ ಹುಂಬರು ಎಂದುಕೊಂಡಿದ್ದೆ.

ಆಮೇಲೆ ತುರ್ತು ಪರಿಸ್ಥಿತಿಯ ಕಾಲ ಬಂತು. ಮಕ್ಕಳಾಗದಂತೆ ಆಪರೇಶನ್ ಮಾಡುವ ಶಿಬಿರಕ್ಕೆ ಪ್ರತಿಯೊಬ್ಬ ಮಾಸ್ತರನೂ ಒಂದೊಂದು ‘ಕೇಸು’ ತರಬೇಕೆಂದು ಮೇಲಿನಿಂದ ಹುಕುಂ ಆಯಿತು. ತರದಿದ್ದರೆ ಕಾಯಂ ಮಾಸ್ತರರಿಗೆ ದೂರದ ಊರಿಗೆ ವರ್ಗ, ನನ್ನಂಥ ಹಂಗಾಮಿಗಳಿಗೆ ಮನೆ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವನನ್ನೇ ತರಬೇಕೆಂಬ ನಿಯಮವಿತ್ತು. ಫಾರ್ಮಿನಲ್ಲಿ ಬರೆದದ್ದನ್ನು ಯಾರೂ ತಪಾಸು ಮಾಡುತ್ತಿರಲಿಲ್ಲ. ಗಂಡಸರು ಹಗಲು ಹೊತ್ತು ಜೋಳದ ಹೊಲ ಸೇರಿಕೊಂಡರು. ಮಾಸ್ತರನನ್ನು ಕಂಡರೆ ಊರೇ ಓಡುವ ಕಾಲ ಅದೊಂದೇ.

ನಾನು ಒಬ್ಬನನ್ನು ಹುಡುಕಿದೆ. ಮೂವತ್ತರ ಸುಮಾರಿನವನು. ಮಂದಿಯ ಕುರಿ ಕಾಯುತ್ತಿದ್ದ. ಮಾತು ತಡವರಿಸುತ್ತಿತ್ತು, ಬುದ್ಧಿಯೂ ಸ್ವಲ್ಪ ನಿಧಾನ. ಮದುವೆಯಾಗಿರಲಿಲ್ಲ. ಇವನಿಗೆ ಯಾರು ಹೆಣ್ಣು ಕೊಡುತ್ತಾರೆ, ಕಳೆದುಕೊಳ್ಳುವುದಾದರೂ ಏನು ಎಂದು ತರ್ಕ ಮಾಡಿದೆ. ತರ್ಕ ನನ್ನ ಪಾಠದ ವಿಷಯವಾಗಿತ್ತು, ಒಳ್ಳೆಯ ಅಂಕ ಬಂದಿದ್ದವು. ಒಂದು ಸೂಜಿ ಹಾಕಿ ಒಂದು ಡಬ್ಬಿ ತುಪ್ಪ ಕೊಡುತ್ತಾರೆ ಎಂದು ಅವನಿಗೆ ಹೇಳಿದೆ.

ಶಿಬಿರದ ಹಿಂದಿನ ಸಂಜೆ ಮಾಸ್ತರರ ಮನೆಯ ಕಟ್ಟೆಯ ಮೇಲೆ ಫಾರ್ಮು ಹರವಿಕೊಂಡು ಕೂತಿದ್ದೆ. ಅವನ ಮಕ್ಕಳ ಸಂಖ್ಯೆ ಮೂರು ಎಂದು ಬರೆಯುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ. ಅಷ್ಟರಲ್ಲಿ ಅವನೇ ಬಂದ. ನನ್ನನ್ನು ಬಿಟ್ಟು ಮಾಸ್ತರರನ್ನು ಕೇಳಿದ: “ಮಾ... ಮಾಸ್ತರ, ನಾಳಿ ತುಪ್ಪಕ್ಕ ಡಬ್ಬಿ ಅವ್ರ ಕೊಡ್ತಾರೋ, ನಾ ಮನಿಯಿಂದ ತರ್ಬೇಕೋ?”

“ಯಾವ ತುಪ್ಪಪಾ?”

“ಸೂಜಿ ತುಪ್ಪರಿ. ಸಣ್ಣ ಮಾಸ್ತರು ಹೇಳ್ಯಾರಲ್ರಿ. ಅವ್ವ ಅಂದ್ಲು, ಹೋಳಗಿ ಮಾಡ್ತೇನಿ, ತುಪ್ಪ ಬಂದ್ರ ಹೆಣ್ಣಿನವ್ರನ್ನ ಕರೀಯೂಣು ಅಂತ.”

ಮಾಸ್ತರು ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನಿಗೆ, “ನಾಳಿ ಕುರಿ ಹೊಡ್ಕೊಂಡು ಹೋಗು. ಸಂಜೀತನಾ ಊರಾಗ ಬರಬ್ಯಾಡ. ತುಪ್ಪ ಅಕ್ಕೋರು ಕೊಡ್ತಾರ” ಎಂದು ಹೇಳಿ ಕಳಿಸಿದರು.

ನಾನು ಕೂಗಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಒಂದು ಮಾತು ಮಾತ್ರ ಇದೆ: “ನಿಮ್ಮ ದೇವ್ರಿಗೆ ಹೇಳ್ರಿ ಹಂಗಾದ್ರ! ನನಗೊಂದು ಕೇಸು ಕಳಿಸ್ಲಿ!”

“ಕೇಳ್ತೇನ್ರಿ” ಎಂದರು ಅವರು, ಅಂಗಡಿಗೆ ಹೋದಾಗ ಉಪ್ಪು ತರುತ್ತೇನೆ ಎಂಬ ಧಾಟಿಯಲ್ಲಿ.

ಒಳಗಿನಿಂದ ಅಕ್ಕೋರು, “ತಮ್ಮಾ, ಬಂದು ಉಣ್ಣು. ರೊಟ್ಟಿ ಆರತಾವ” ಎಂದರು. ನಾನು ಊಟ ಬಿಟ್ಟು, ಇನ್ನೂ ಏನೂ ಬರೆಯದ ಫಾರ್ಮನ್ನೂ ಅಲ್ಲೇ ಬಿಟ್ಟು ಹೋದೆ.

ಬೆಳಿಗ್ಗೆ ಅವರು ಒಗೆದ ಧೋತರ, ಕರಿ ಕೋಟು ಹಾಕಿಕೊಂಡು ನನ್ನ ಕೋಣೆಯ ಮುಂದೆ ನಿಂತಿದ್ದರು. “ನಡೀರಿ, ಹೋಗೂಣು.” ನನ್ನ ಮೇಲೆ ದೂರು ಹೇಳಲು ಹೊರಟಿದ್ದಾರೆಂದು ತಿಳಿದೆ. ನವಲಗುಂದಕ್ಕೆ ಬಸ್ಸಿನಲ್ಲಿ ಹೋದೆವೆಂದು ನನ್ನ ನೆನಪು. ಆ ದಾರಿಗೆ ಆಗ ಬಸ್ಸೇ ಇರಲಿಲ್ಲ, ಎಲ್ಲರನ್ನೂ ಜೀಪಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು ಎಂದು ಗೌಡರ ಮಗ ಈಚೆಗೆ ವಾದಿಸಿದ. ಇರಬಹುದು. ಶಿಬಿರದಲ್ಲಿ ಅವರು ಸೀದಾ ಹೋಗಿ ಸಾಲಿನಲ್ಲಿ ಕೂತರು. ಕೋಟಿನ ಜೇಬಿನಿಂದ ಮಡಿಸಿದ ಫಾರ್ಮು ತೆಗೆದರು. ನನಗೆ ಆಗ ಅರ್ಥವಾಯಿತು.

“ಏನ್ ಮಾಡಾಕತ್ತೀರಿ, ಮಾಸ್ತರ? ಹುಚ್ಚು ಹಿಡಿದೈತೇನ್ರಿ?” ಎಂದು ತೋಳು ಹಿಡಿದೆ.

“ಕೇಳಿದವ್ರು ನೀವು. ಕೊಟ್ಟಮ್ಯಾಲೆ ತಗೊಳ್ಳಾಕ ನಾಚಿಕಿ ಯಾಕ್ರಿ?”

ನಕ್ಕರೋ ಇಲ್ಲವೋ ತಿಳಿಯದು. ಕಾರಕೂನ ಹೆಸರು ಕೂಗಿದ. ಅವರು ಒಳಗೆ ಹೋದರು. ನಾನು ತಡೆಯಬಹುದಿತ್ತು. ಅವರಿಗೆ ಮಕ್ಕಳೇ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಎಬ್ಬಿಸಿ ಕಳಿಸುತ್ತಿದ್ದರು. ಹೇಳಲಿಲ್ಲ. ಹೊರಗೆ ನಿಂತು ಚಹಾ ಕುಡಿದೆ.

ನನ್ನ ಕೆಲಸ ಉಳಿಯಿತು. ಅವರು ಕೇಸು ‘ಆದರು’, ಆದರೆ ತಮ್ಮ ಹೆಸರಿಗೆ ಕೇಸು ‘ತರಲಿಲ್ಲ’. ಆ ತಪ್ಪಿಗೆ ಅಳ್ನಾವರದ ಆಚೆ ಕಾಡಂಚಿನ ಒಂದು ಊರಿಗೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ಕಡೆಯ ಊಟಕ್ಕೆ ಹೋದಾಗ ತೊಲೆಯ ಕೊಂಡಿಗೆ ಕಂದೀಲು ತೂಗುಹಾಕಿತ್ತು. ಅದರ ಬೆಳಕಿನಲ್ಲಿ ಅಕ್ಕೋರು ಗಂಟು ಕಟ್ಟುತ್ತಿದ್ದರು. ಹೀಗೆಂದು ನೆನಪು. ಆದರೆ ಇದು ಕಥೆಗೆ ಅತಿಯಾಗಿ ಒಪ್ಪುತ್ತದೆ. ಆ ಕಂದೀಲನ್ನು ಆಮೇಲೆ ನನ್ನ ಮನಸ್ಸೇ ಅಲ್ಲಿ ತೂಗುಹಾಕಿರಬಹುದು. ಕುರಿಯವನಿಗೆ ಮುಂದೆ ಮದುವೆಯಾಯಿತೆಂದು ಕೇಳಿದ್ದೇನೆ. ಅದನ್ನೂ ಖಚಿತಪಡಿಸಿಕೊಂಡಿಲ್ಲ.

ನಾನು ಕಾಲೇಜು ಸೇರಿ ಧಾರವಾಡದಲ್ಲಿ ನೆಲೆಯಾದೆ. ಕೆಲವು ವರ್ಷಗಳ ಮೇಲೆ ಅಕ್ಕೋರ ಕಾರ್ಡು ಬಂತು. ಮೂರು ದಿನ ಜ್ವರ ಬಂದು ಅವರು ದೇವರ ಬಳಿಗೆ ಹೋದರು ಎಂದಿತ್ತು. ನಾನು ಹೋಗಲಿಲ್ಲ. ಪರೀಕ್ಷೆಯ ಪತ್ರಿಕೆಗಳಿದ್ದವು ಎಂದು ಬರೆದೆ. ಇರಲಿಲ್ಲ.

ಇಷ್ಟಾದರೂ ಅವರ ಬಗ್ಗೆ ನನ್ನ ತಿರಸ್ಕಾರ ಕರಗಲಿಲ್ಲ, ಗಟ್ಟಿಯಾಯಿತು. ಮಕ್ಕಳಿಲ್ಲದವನನ್ನು ಶಿಬಿರದವರು ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ಸುಳ್ಳು ಹೇಳದ ಮಹಾನುಭಾವ ಅವತ್ತು ಫಾರ್ಮಿನಲ್ಲಿ ಸುಳ್ಳು ಬರೆದಿರಲೇಬೇಕು. ಇನ್ನೊಂದು ಮಾತು: ಆ ಕೊಂಡಿಯ ಕೆಳಗೆ ಬೇಡಿದವರು ಇಬ್ಬರು. ಹೆಂಡತಿಯ ಪಾಲಿನ ಆಸೆಯನ್ನು ಅವಳನ್ನು ಕೇಳದೆ ದಾನ ಮಾಡುವುದು ಎಂಥ ಭಕ್ತಿ? ಸ್ಟಾಫ್ ರೂಮಿನಲ್ಲಿ ಈ ಎರಡು ಪ್ರಶ್ನೆಗಳನ್ನು ನಾನು ಎಷ್ಟೋ ಸಲ ಎತ್ತಿದ್ದೇನೆ. ಎಲ್ಲರೂ ತಲೆದೂಗುತ್ತಿದ್ದರು.

ಈ ಬರಹಕ್ಕೆ ಮೊದಲು ಆ ಸುಳ್ಳನ್ನು ಕಣ್ಣಾರೆ ನೋಡಬೇಕೆನಿಸಿತು. ಹಳೆಯ ಕಾಗದಗಳಿರುವ ಕಚೇರಿಯಲ್ಲಿ ಪರಿಚಯದವರೊಬ್ಬರು ಧೂಳಿನ ಗಂಟು ಬಿಚ್ಚಿ ಕೊಟ್ಟರು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಹೆಸರು, ಊರು, ವಯಸ್ಸು, ಕರೆತಂದವರು ಎಂಬಲ್ಲಿ ನನ್ನ ಹೆಸರು, ಎಲ್ಲವೂ ಅವರ ಅಕ್ಷರ, ಕರಿಹಲಗೆಯ ಮೇಲೆ ಬರೆದಂತೆ ಗುಂಡಗೆ, ಬಿಡಿಬಿಡಿಯಾಗಿ. ‘ಬದುಕಿರುವ ಮಕ್ಕಳು’ ಎಂಬುದರ ಮುಂದೆ ‘ಮೂರು’ ಎಂದಿತ್ತು. ಅದೊಂದು ಮಾತ್ರ ಬೇರೆ ಅಕ್ಷರ, ತೆಳ್ಳಗೆ, ಬಲಕ್ಕೆ ವಾಲಿದ್ದು. ಈ ಬರಹಕ್ಕೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಆ ಹಳೆಯ ಕಾರ್ಡನ್ನು ತೆಗೆದು ಪಕ್ಕದಲ್ಲಿಟ್ಟೆ. ‘ಮೂರು ದಿನ ಜ್ವರ ಬಂದು’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದೆ. ಕಿಟಕಿಯ ಬಳಿ ಒಯ್ದು ಮತ್ತೊಮ್ಮೆ ನೋಡಿದೆ. ಎರಡೂ ಒಂದೇ ಕೈ. ಅಕ್ಕೋರದು.