ಪೈಪಕ್ಕನ ಒಂದೂವರೆ ಪಟ್ಟು

ಬೆಳಗಿನ ಆರು ಗಂಟೆ. ಶೆಡ್ಡಿನ ಹಿಂದೆ ಪುಟ್ಟ ವಿಮಾನವೊಂದು ಬಾಲದ ಚಕ್ರವನ್ನು ಗುಂಡಿಗಿಳಿಸಿ, ಮೂತಿ ಮೇಲೆತ್ತಿ ನಿಂತಿದೆ. ಎಂಜಿನ್ನಿನ ಕೆಳಗೆ ಐವತ್ತೆರಡರ ಹೆಂಗಸೊಬ್ಬರು ಅಳತೆಯ ಜಾಡಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪೈಪಿನ ತುದಿಯಿಂದ ಪೆಟ್ರೋಲು ಜಾಡಿಗೆ ಬೀಳುತ್ತಿದೆ. ಸಂದರ್ಶನಕ್ಕೆಂದು ಬಂದ ನನ್ನ ಕೈಗೆ ಗಡಿಯಾರ ಕೊಟ್ಟು, "ಬರೆಯೋದು ಆಮೇಲೆ. ಒಂದು ನಿಮಿಷ ಆದ ತಕ್ಷಣ ಹೇಳಿ" ಎಂದಿದ್ದಾರೆ.

ಹೇಳುತ್ತೇನೆ. ಜಾಡಿಯಲ್ಲಿ ನಾನೂರ ಹತ್ತು ಮಿಲಿ.

"ಸಾಕಲ್ಲ ಅಕ್ಕ, ಎಂಜಿನ್ ಕುಡಿಯೋದೇ ನಿಮಿಷಕ್ಕೆ ನಾನೂರು" ಎನ್ನುತ್ತಾರೆ ಪಕ್ಕದಲ್ಲಿ ನಿಂತ ದಂತವೈದ್ಯರು. ವಿಮಾನ ಅವರದು. ಏಳು ವರ್ಷ ರಜೆಯ ದಿನಗಳನ್ನೆಲ್ಲ ಸುರಿದು ಕೈಯಾರೆ ಕಟ್ಟಿದ್ದು. ನಾಳೆ ಮೊದಲ ಹಾರಾಟ ಎಂದು ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ.

"ಆರುನೂರು ಬರಬೇಕು ಡಾಕ್ಟ್ರೇ. ಒಂದೂವರೆ ಪಟ್ಟು. ಎಷ್ಟು ಸಲ ಹೇಳ್ಲಿ? ನೀವು ಮೊನ್ನೆ ನೆಲದ ಮೇಲೆ ಸಮವಾಗಿ ನಿಲ್ಲಿಸಿ, ಟ್ಯಾಂಕ್ ತುಂಬಿಸಿ ಅಳೆದ್ರಿ. ಮೇಲೇರೋವಾಗ ವಿಮಾನ ಸಮ ಇರತ್ತಾ? ಟ್ಯಾಂಕ್ ಯಾವಾಗ್ಲೂ ತುಂಬಿರತ್ತಾ?"

ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿಗೆಲ್ಲ ಇವರು ಪೈಪಕ್ಕ. ಟ್ಯಾಂಕು ಎಲ್ಲಿರಬೇಕು, ಪೈಪು ಹೇಗಿಳಿಯಬೇಕು, ಸೋಸುವ ಜಾಲರಿ ಎಲ್ಲಿ ಕೂರಬೇಕು ಎಂದು ಗೆರೆ ಎಳೆದುಕೊಡುವುದು ಇವರ ಕೆಲಸ. ಮೊದಲು ಹದಿನೆಂಟು ವರ್ಷ ನೀರಿನ ಪಂಪು ರಿಪೇರಿ ಮಾಡುತ್ತಿದ್ದರು. "ನೀರಾದ್ರೂ ಅಷ್ಟೇ, ಪೆಟ್ರೋಲಾದ್ರೂ ಅಷ್ಟೇ. ಇಳಿಯೋಕೆ ದಾರಿ ಕೊಟ್ರೆ ಇಳಿಯತ್ತೆ. ಇವರು ಕೊಡಲ್ಲ."

ಇವರು ಎಂದರೆ ಗಿರಾಕಿಗಳು. ಸೀಟಿನ ಬಣ್ಣಕ್ಕೆ ಎರಡು ವರ್ಷ ತಲೆ ಕೆಡಿಸಿಕೊಂಡವರು ಪೆಟ್ರೋಲಿನ ದಾರಿಗೆ ಅರ್ಧ ದಿನ ಕೊಡುತ್ತಾರೆ. ಧೂಳು ಹೋಗುತ್ತದೆಂದು ಟ್ಯಾಂಕಿನ ಮುಚ್ಚಳದ ಗಾಳಿ ತೂತಿಗೆ ಒಬ್ಬರು ಮೇಣ ಮೆತ್ತಿದ್ದರಂತೆ. "ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಹೇಗೆ ಬರತ್ತೆ? ಓದಿದವರು ಬೇರೆ."

ದಂತವೈದ್ಯರದು ಅಂದದ ಚಪಲ. ರೆಕ್ಕೆಯ ಟ್ಯಾಂಕಿನಿಂದ ನೇರ ಇಳಿಯಬೇಕಿದ್ದ ಪೈಪು ಕಣ್ಣಿಗೆ ಬೀಳಬಾರದೆಂದು ಬಾಗಿಲಿನ ಚೌಕಟ್ಟಿನ ಮೇಲೆ ಹತ್ತಿಸಿ ಇಳಿಸಿದ್ದಾರೆ. ಮೇಲೆ ಹಲಗೆ ಹೊಡೆದು ಬಣ್ಣವನ್ನೂ ಬಳಿದಾಗಿದೆ. ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡು ಪೆಟ್ರೋಲಿಗೆ ಅಡ್ಡ ಕೂತಿದೆ. ಪೈಪಕ್ಕ ಇದನ್ನು ನನಗೂ ಅರ್ಥವಾಗುವಂತೆ ಹೇಳಿದರೂ ಡಾಕ್ಟರು ಮಾತ್ರ, "ಬಣ್ಣ ಹಾಳಾಗತ್ತಲ್ಲಾ, ಮುಂದಿನ ವಾರ ಬಿಚ್ಚೋಣ" ಎಂದು ಗೊಣಗುತ್ತಿದ್ದಾರೆ. ಕೇಳಿ ಕೇಳಿ ನನಗೂ ರೇಗುತ್ತದೆ.

ಪೈಪಕ್ಕ ಎದ್ದು, ಎಂಜಿನ್ನಿಗೆ ಸೇರುವ ಪೈಪಿನ ತುಂಡನ್ನೇ ಕಳಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆಯುತ್ತಾರೆ.

ಇಷ್ಟು ಹಟವೇಕೆ? ಉತ್ತರ ಸಿಗುವುದು ಶೆಡ್ಡಿನೊಳಗೆ ಲೇತ್ ತಿರುಗಿಸುತ್ತಿರುವ ಅವರ ತಮ್ಮನಿಂದ. ಎಡಗಾಲು ಎಳೆಯುತ್ತ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಪೈಪಕ್ಕ ಗೆರೆ ಎಳೆದುಕೊಟ್ಟ ಮೊದಲ ವಿಮಾನ ಇವರೇ ಕಟ್ಟಿದ್ದು. "ಅವತ್ತೂ ಅಳತೆ ಕಮ್ಮಿ ಬಂದಿತ್ತು. ಮುಂದಿನ ವಾರ ಸರಿ ಮಾಡ್ತೀನಿ ಅಂದೆ. ತಮ್ಮ ಅಲ್ವಾ, ಅಕ್ಕ ಒಂದು ಮಾತು ಬೈದು ಸುಮ್ಮನಾದ್ಳು. ಮರಗಳ ಎತ್ತರಕ್ಕೆ ಹೋಗ್ತಿದ್ದ ಹಾಗೆ ಎಂಜಿನ್ ನಿಂತೋಯ್ತು." ಕಾಲನ್ನು ತೋರಿಸುವುದಿಲ್ಲ; ನನ್ನ ಕಣ್ಣೇ ಅತ್ತ ಹೋಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ನೆಂಟರಿಗೆಲ್ಲ ಫೋನು ಮಾಡಿ, ಮುಖ ಊದಿಸಿಕೊಂಡೇ ಹಲಗೆ ಕೀಳುತ್ತಾರೆ. ಪೈಪು ನೇರವಾಗಲು ಮೂರು ದಿನ. ಮತ್ತೆ ಗುಂಡಿ, ಮತ್ತೆ ಜಾಡಿ, ಮತ್ತೆ ನನ್ನ ಕೈಗೆ ಗಡಿಯಾರ. ಆರುನೂರ ಎಂಬತ್ತು.

ಭಾನುವಾರ ವಿಮಾನ ಏರುತ್ತದೆ. ಪೈಪಕ್ಕ ತಲೆಯೆತ್ತಿ ನೋಡುವುದಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳುತ್ತಾರೆ. ಹನ್ನೊಂದು ನಿಮಿಷದ ನಂತರ ನೆಲ ಮುಟ್ಟಿದ ಡಾಕ್ಟರು ಹಲ್ಲು ಕಿರಿಯುತ್ತ ಓಡಿಬಂದರೆ, "ಮುಚ್ಚಳ ಸರಿಯಾಗಿ ತಿರುಗಿಸಿಲ್ಲ, ನೋಡಿ ಅಲ್ಲಿ, ಸೋರಿದೆ. ಕಣ್ಣು ಎಲ್ಲಿಟ್ಟಿದ್ರಿ?" ಎಂದು ಶುರು.

ಡಾಕ್ಟರು ತಲೆ ತಗ್ಗಿಸಿ ಒರೆಸಲು ಹೋದ ಮೇಲೆ ಕೇಳುತ್ತೇನೆ, ಇವತ್ತಾದರೂ ಬೈಯದೆ ಬಿಡಬಾರದಿತ್ತೇ ಎಂದು.

"ತಮ್ಮಂದು ಆದ್ಮೇಲೆ ಹತ್ತೊಂಬತ್ತು ವಿಮಾನ ಮಾಡಿದೀನಿ" ಎನ್ನುತ್ತಾರೆ ಪೈಪಕ್ಕ, ಕೈ ಒರೆಸಿಕೊಳ್ಳುತ್ತ. "ಹತ್ತೊಂಬತ್ತು ಜನಾನೂ ಇನ್ನೂ ನನ್ನ ಹತ್ರ ಬೈಸ್ಕೊಳ್ತಾ ಇದಾರೆ."